‘ಬರೀ ಇಟ್ಟಿಗೆ’ ಅಲ್ಲ ಮೇಸ್ತ್ರಿ!

ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯವರು ಅಡುಗೆಮನೆ, ಹಾಲ್ ಒಂದಾಗಲಿ ಎಂದು 9 ಇಂಚಿನ ಗೋಡೆ ಒಡೆಸತೊಡಗಿದರು. ಮೂರನೇ ದಿನ ನಮ್ಮ ಮಲಗುವ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ಮೂಲೆಯಿಂದ ಓರೆಯಾಗಿ ಕೂದಲೆಳೆಯಷ್ಟು ಬಿರುಕು. ಕೇಳಿದರೆ ಮೇಸ್ತ್ರಿ, ‘ಬರೀ ಇಟ್ಟಿಗೆ ಸಾರ್, ಏನಾಗಲ್ಲ’ ಎಂದ. ಪಿಲ್ಲರ್ ಇಲ್ಲದ ಹಳೇ ಕಟ್ಟಡದಲ್ಲಿ ಮೇಲಿನ ಮಹಡಿಗಳನ್ನು ಹೊತ್ತಿರುವುದೇ ಆ ಇಟ್ಟಿಗೆ! ಜಾಕಿ ಕೊಟ್ಟು, ಎರಡೂ ಬದಿ ಗೋಡೆಯ ಮೇಲೆ ಕೂರುವಂತೆ ತೊಲೆ ಇಟ್ಟ ಮೇಲಷ್ಟೇ ಅದರ ಕೆಳಗೆ ಒಡೆಯಬೇಕು. ಅಲ್ಯೂಮಿನಿಯಂ ಅಚ್ಚಿಟ್ಟು ಗೋಡೆಗಳನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ಯುವ ಮೈವಾನ್ ಶಟರಿಂಗ್‌ನ ಹೊಸ ಕಟ್ಟಡಗಳಲ್ಲಂತೂ ಹೆಚ್ಚಿನ ಕಾಂಕ್ರೀಟ್ ಗೋಡೆಗಳೇ ಕಂಬಗಳು. ಸ್ಟ್ರಕ್ಚರಲ್ ಎಂಜಿನಿಯರ್ ಸಹಿಯಿಲ್ಲದೆ ಕಟಿಂಗ್ ಮಷಿನ್ ಗೇಟು ದಾಟದಂತೆ ನಿವಾಸಿಗಳ ಸಂಘಗಳು ನೋಡಿಕೊಳ್ಳಲಿ. ದೂರು ಬಂದ ದಿನವೇ ಪಾಲಿಕೆ ಎಂಜಿನಿಯರ್ ಸ್ಥಳಕ್ಕೆ ಬರಲಿ.

– ಮೇಲಿನ ಮನೆಯವ, ಬೆಂಗಳೂರು