7.15ರ ವ್ಯಾನ್ ಹತ್ತುವವರಿಗೂ ಒಂದು ತಿಂಡಿ ಬರೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ದಿಢೀರ್ ಪ್ಯಾನ್‌ಕೇಕ್ ಮಾಡುವುದು ಹೇಗೆ ಅಂತ ಅರ್ಧ ಪುಟ ಬಂದಿತ್ತು. ಫೋಟೊ ಚೆನ್ನಾಗಿತ್ತು. ಒಂದರ ಮೇಲೊಂದು ಪೇರಿಸಿದ ದಪ್ಪ ದೋಸೆ, ಮೇಲೆ ಬೆಣ್ಣೆ, ಪಕ್ಕದಲ್ಲಿ ಹರಿಯುವ ಸಿರಪ್. ಮೂರನೇ ಕ್ಲಾಸಿನ ನನ್ನ ಮಗ ಅದನ್ನು ಕತ್ತರಿಸಿ ಅಡುಗೆಮನೆ ಗೋಡೆಗೆ ಅಂಟಿಸಿದ್ದಾನೆ. 'ಅಮ್ಮ, ನಾಳೆ ಇದನ್ನೇ ಮಾಡು' ಅಂತ ಹಟ. ಸಾಮಾನಿನ ಪಟ್ಟಿ ಓದಿದೆ. ಮೈದಾ, ಸಕ್ಕರೆ, ಬೇಕಿಂಗ್ ಪೌಡರ್, ವೆನಿಲ್ಲಾ ಎಸೆನ್ಸ್, ಮೇಪಲ್ ಸಿರಪ್. ತಲೆಬರಹದಲ್ಲಿ 'ಆರೋಗ್ಯಕರ' ಅಂತ ಇತ್ತು. ಆ ಮಾತು ನನ್ನನ್ನು ಕೊರೆಯುತ್ತಲೇ ಇದೆ. ಅದಕ್ಕೆ ಈ ಪತ್ರ.

ನಾನು ಮದ್ದೂರು ತಾಲ್ಲೂಕಿನವಳು. ಗಾರ್ಮೆಂಟ್ಸ್‌ನಲ್ಲಿ ಟೈಲರ್, ಕಾಲರ್ ಕೂರಿಸುವ ಕೆಲಸ. ಹನ್ನೊಂದು ವರ್ಷ ಆಯಿತು. ಬೆಳಿಗ್ಗೆ 7.15ಕ್ಕೆ ಅರಳೀಕಟ್ಟೆ ಹತ್ತಿರ ವ್ಯಾನ್ ಬರುತ್ತದೆ. ಎರಡು ನಿಮಿಷ ತಡವಾದರೆ ಹೊರಟೇ ಹೋಗುತ್ತದೆ. ನಾನು ಏಳುವುದು 5.15ಕ್ಕೆ. ಬಾಗಿಲಿಗೆ ನೀರು, ಹಸುವಿನ ಕೆಲಸ, ನೀರು ಹಿಡಿಯುವುದು, ಮಧ್ಯಾಹ್ನದ ಊಟದ ಡಬ್ಬಿ, ಮಕ್ಕಳನ್ನು ಎಬ್ಬಿಸುವುದು. ಇಷ್ಟೆಲ್ಲ ಮುಗಿಸಿದ ಮೇಲೆ ತಿಂಡಿಗೆ ಉಳಿಯುವುದು ಇಪ್ಪತ್ತು, ಇಪ್ಪತ್ತೈದು ನಿಮಿಷ. ನಮ್ಮ ವ್ಯಾನಿನಲ್ಲಿ ಬರುವ ಎಲ್ಲರ ಕಥೆಯೂ ಇದೇ. ಅದಕ್ಕೇ ಬಹಳ ಜನ ಒಂದು ಲೋಟ ಟೀ, ಎರಡು ಬಿಸ್ಕತ್ತಿನಲ್ಲಿ ಬಂದುಬಿಡುತ್ತಾರೆ.

ನಾನೂ ಹಾಗೇ ಇದ್ದೆ. ಎರಡು ವರ್ಷದ ಹಿಂದೆ ಒಂದು ದಿನ ನನ್ನ ಪಕ್ಕದ ಮಿಷಿನ್ ಹುಡುಗಿ ಕೂತಲ್ಲೇ ಕುಸಿದಳು. ಹನ್ನೊಂದು ಗಂಟೆ ಇರಬೇಕು. ಟಾರ್ಗೆಟ್ ಜಾಸ್ತಿ ಇದ್ದ ದಿನ, ಯಾರೂ ತಲೆ ಎತ್ತಿರಲಿಲ್ಲ. ಪೀಸ್ ಅವಳ ಕೈಯಲ್ಲೇ ಇತ್ತು, ಸೂಜಿ ಅದರ ಮೇಲೆ ಓಡುತ್ತಲೇ ಇತ್ತು. ನಾನೇ ಕಾಲು ಚಾಚಿ ಅವಳ ಪೆಡಲ್ ಮೇಲಿಂದ ಕಾಲು ಸರಿಸಿದೆ. ನೀರು ಚಿಮುಕಿಸಿ ಗ್ಲೂಕೋಸ್ ಕುಡಿಸಿದೆವು. ಬೆಳಿಗ್ಗೆ ಏನು ತಿಂದೆ ಅಂತ ಕೇಳಿದರೆ 'ಟೀ ಕುಡಿದಿದ್ದೆ ಅಕ್ಕ' ಅಂದಳು. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ತುಂಬಾ ಕಡಿಮೆ, 8ರ ಹತ್ತಿರ ಇತ್ತು. ಇಪ್ಪತ್ತೆರಡು ವರ್ಷದ ಹುಡುಗಿ.

ನಮ್ಮೂರಿನ ಆಶಾ ಕಾರ್ಯಕರ್ತೆಗೆ ಇದನ್ನು ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಸರಕಾರದ ಸಮೀಕ್ಷೆಯ ಪ್ರಕಾರವೇ ನಮ್ಮ ರಾಜ್ಯದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆಯಂತೆ. ಅರ್ಧ ಅಂದರೆ ನಮ್ಮ ವ್ಯಾನಿನಲ್ಲಿ ಒಂದು ಸೀಟು ಬಿಟ್ಟು ಒಂದು ಸೀಟು.

ಆ ವಾರವೇ ನಾನು ರಾಗಿ ದೋಸೆ ಶುರು ಮಾಡಿದೆ. ಉದ್ದು ನೆನೆಸಿ, ರುಬ್ಬಿ, ರಾತ್ರಿಯಿಡೀ ಹುದುಗು ಬರಿಸುವ ದೋಸೆ ಅಲ್ಲ. ಆಗಲೇ ಕಲಸಿ ಆಗಲೇ ಹಾಕುವ ದೋಸೆ. ಮೊದಲ ದಿನ ಹೆಂಚಿನ ಮೇಲೆ ಒಂದೂ ಎದ್ದು ಬರಲಿಲ್ಲ. ಎಲ್ಲವೂ ಚೂರುಚೂರು. ಅವತ್ತೂ ಟೀ ಬಿಸ್ಕತ್ತೇ ಗತಿಯಾಯಿತು. ಮಾರನೇ ದಿನ ಅತ್ತೆ ಬಂದು ಒಲೆ ಮುಂದೆ ನಿಂತರು. ನಾನು ತಪ್ಪು ಮಾಡಿದ್ದು ಎರಡು ಕಡೆ. ಬರೀ ರಾಗಿ ಹಿಟ್ಟು ಹಾಕಿದ್ದೆ. ಹೆಂಚು ಕಾಯುವ ಮೊದಲೇ ಹುಯ್ದಿದ್ದೆ. 'ರಾಗೀಲಿ ಗೋಧಿ ಥರ ಅಂಟು ಇರಲ್ಲ ಕಣವ್ವ, ಅದಕ್ಕೆ ಅಕ್ಕಿ ಹಿಟ್ಟಿನ ಆಸರೆ ಕೊಡು' ಅಂದರು ಅತ್ತೆ. ಎರಡು ಹನಿ ನೀರು ಚಿಮುಕಿಸಿದರು. ಹನಿ ಚುಂಯ್ ಅಂತ ಕುಣಿದು ಮಾಯವಾದ ಮೇಲೆ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಹೆಂಚಿಗೆಲ್ಲ ಉಜ್ಜಿದರು. ಅವತ್ತು ಎದ್ದ ದೋಸೆ ಇವತ್ತಿನವರೆಗೂ ಏಳುತ್ತಿದೆ.

ಅಳತೆ ಹೇಳುತ್ತೇನೆ, ದಯವಿಟ್ಟು ಇದನ್ನು ಹೀಗೇ ಅಚ್ಚು ಹಾಕಿ. ಸ್ಟೀಲಿನ ಕಾಫಿ ಲೋಟವೇ ನನ್ನ ಅಳತೆ. ಒಂದು ಲೋಟ ರಾಗಿ ಹಿಟ್ಟು, ಅರ್ಧ ಲೋಟ ಅಕ್ಕಿ ಹಿಟ್ಟು, ಕಾಲು ಲೋಟ ಸಣ್ಣ ರವೆ. ಇವಕ್ಕೆ ಅರ್ಧ ಲೋಟ ಹುಳಿ ಮೊಸರು, ರುಚಿಗೆ ಉಪ್ಪು. ನೀರು ಎರಡೂವರೆ ಲೋಟದಿಂದ ಮೂರು ಲೋಟ. ಗಂಟಿಲ್ಲದ ಹಾಗೆ ಕಲಸಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಒಂದು ಹಿಡಿ ನುಗ್ಗೆಸೊಪ್ಪು ಹಾಕಿ ಮುಚ್ಚಿಡಿ. ಹತ್ತು ನಿಮಿಷ ಸಾಕು. ಅಷ್ಟರಲ್ಲಿ ರವೆ ನೀರು ಹೀರಿ ಅರಳುತ್ತದೆ, ನಿಮಗೆ ಚಟ್ನಿಗೂ ಸಮಯ ಸಿಗುತ್ತದೆ. ಹಿಟ್ಟು ಮಜ್ಜಿಗೆಯಷ್ಟು ತೆಳ್ಳಗಿರಬೇಕು. ರವೆ ತಳದಲ್ಲಿ ಕೂರುತ್ತದೆ, ಅದಕ್ಕೆ ಪ್ರತಿ ಸಲವೂ ಸೌಟಿನಿಂದ ಅಡಿಯವರೆಗೆ ಕಲಕಿ ತೆಗೆಯಿರಿ. ಹೆಂಚಿನ ಅಂಚಿನಿಂದ ಶುರು ಮಾಡಿ ಒಳಕ್ಕೆ ಸುರಿಯುತ್ತಾ ಬನ್ನಿ. ಸೌಟಿನಿಂದ ಹರಡಲು ಹೋಗಬೇಡಿ. ನಡುವೆ ತೂತು ಉಳಿದರೆ ಉಳಿಯಲಿ, ಅಲ್ಲೇ ಗರಿಗರಿ ಬರುವುದು. ಸುತ್ತ ಅರ್ಧ ಚಮಚ ಎಣ್ಣೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅವಸರ ಮಾಡಿ ಮಗುಚಬೇಡಿ. ಮೇಲಿನ ಹಸಿ ಬಣ್ಣ ಹೋಗಿ ಗಾಢ ಕಂದು ಆಗಬೇಕು, ಅಂಚು ತಾನಾಗೇ ಹೆಂಚು ಬಿಟ್ಟು ಮೇಲೇಳಬೇಕು. ಮೂರು ನಿಮಿಷ ಬೇಕೇ ಬೇಕು. ಆ ಮೂರು ನಿಮಿಷ ಸುಮ್ನೆ ನಿಲ್ಲುವುದಿಲ್ಲ ನಾನು, ಮಗಳ ಜಡೆ ಹಾಕುತ್ತೇನೆ. ಒಂದು ದೋಸೆಗೆ ಒಂದು ಜಡೆ. ಈ ಅಳತೆಗೆ ಹತ್ತು ದೋಸೆ ಆಗುತ್ತವೆ. ಎರಡು ಹೆಂಚು ಇಟ್ಟರೆ ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಚಟ್ನಿಗೆ ನಮ್ಮ ಮನೆಯಲ್ಲಿ ಹುಚ್ಚೆಳ್ಳು ಪುಡಿ ಇದ್ದೇ ಇರುತ್ತದೆ. ಇಲ್ಲದ ದಿನ ಹುರಿಗಡಲೆ ಚಟ್ನಿ. ಅದನ್ನು ಈಗ ನಮ್ಮ ಯಜಮಾನರು ಮಾಡುತ್ತಾರೆ. ಮೊದಲು ಮಿಕ್ಸಿ ಮುಟ್ಟಿದವರಲ್ಲ. ಈಗ ನಿಂಬೆಹಣ್ಣು ಹಿಂಡಿ, ಒಗ್ಗರಣೆ ಹಾಕಿ ಡಬ್ಬಿಗೂ ತುಂಬಿಸಿ ಇಡುತ್ತಾರೆ. ನಿಮ್ಮ ಪತ್ರಿಕೆಯಲ್ಲಿ ಅಡುಗೆ ಅಂದರೆ ಯಾವಾಗಲೂ 'ಗೃಹಿಣಿಯರೇ' ಅಂತ ಶುರುವಾಗುತ್ತದೆ. ಅದೊಂದು ಪದ ಬಿಟ್ಟರೆ ಎಷ್ಟೋ ಮನೆಗಳಲ್ಲಿ ಗಂಡಸರೂ ಆ ಪುಟ ಓದುತ್ತಾರೆ ಅಂತ ನನಗೆ ಅನ್ನಿಸುತ್ತದೆ.

ನನ್ನ ಮಗಳು ಒಂಬತ್ತನೇ ಕ್ಲಾಸು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ, ಯಾವ ಆಹಾರದಲ್ಲಿ ಯಾವ ಸತ್ವ ಎಷ್ಟು ಅನ್ನುವ ಪಟ್ಟಿಯನ್ನು ಅವಳೇ ಮೊಬೈಲಿನಲ್ಲಿ ಹುಡುಕಿ ತೋರಿಸಿದಳು. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ. ಬಿಳಿ ಅಕ್ಕಿಯಲ್ಲಿ 10 ಕೂಡ ಇಲ್ಲ. ಕಬ್ಬಿಣದ ಅಂಶ ಮಾತ್ರ ರಾಗಿಯಲ್ಲಿ ಅಷ್ಟೇನೂ ಹೆಚ್ಚಿಲ್ಲ, ಇದನ್ನೂ ಹೇಳಿಬಿಡಬೇಕು. ದೋಸೆ ತಿಂದ ಮಾತ್ರಕ್ಕೆ ರಕ್ತ ಏರಿಬಿಡುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆ ಹುಡುಗಿಗೆ ಡಾಕ್ಟರು ಮಾತ್ರೆ ಕೊಟ್ಟರು, ಅವಳು ತಿಂಗಳುಗಟ್ಟಲೆ ನುಂಗಿದಳು. ಆದರೆ ಸೊಪ್ಪು ಸೇರಿಸಿ, ನಿಂಬೆ ಹಿಂಡಿದ ಚಟ್ನಿ ಜೊತೆ ತಿಂದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಟೀ ಜೊತೆಗೆ ತಿಂದರೆ ಅಷ್ಟು ಹಿಡಿಯುವುದಿಲ್ಲ. ಹಾಗಾಗಿ ನಾನು ಟೀಯನ್ನು ಹತ್ತು ಗಂಟೆಯ ಬಿಡುವಿಗೆ ಇಟ್ಟುಕೊಂಡಿದ್ದೇನೆ. ಮೊದಲ ವಾರ ತಲೆನೋವು ಬಂತು. ಆಮೇಲೆ ರೂಢಿಯಾಯಿತು.

ರಾಗಿ ನಮಗೆ ಹೊಸದೇನಲ್ಲ. ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವುದು ನಮ್ಮ ರಾಜ್ಯದಲ್ಲಿ. ನಮ್ಮ ಮಾವ ಇಂಡಾಫ್ ರಾಗಿ ಬೆಳೆದವರು. ಮಂಡ್ಯದ ವಿ.ಸಿ. ಫಾರ್ಮ್ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ತೆಗೆದ ತಳಿಗಳು ಅವು. ಮಾವ ಅವರ ಹೆಸರು ಹೇಳುವಾಗ ಕೈ ಮುಗಿಯುತ್ತಿದ್ದರು. ಮೊದಲೆಲ್ಲ ಬೆಳಿಗ್ಗೆ ತಂಗಳು ಮುದ್ದೆಯನ್ನೇ ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಹೊಲಕ್ಕೆ ಹೋಗುತ್ತಿದ್ದರು. ವ್ಯಾನಿನಲ್ಲಿ ಅದು ಆಗದು. ದೋಸೆಯಾದರೆ ಸುರುಳಿ ಸುತ್ತಿ ಡಬ್ಬಿಗೆ ಹಾಕಬಹುದು, ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ತಿನ್ನಬಹುದು. ಸರಕಾರವೂ 2024ರಿಂದ ಶಾಲೆಗಳಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿದೆ, ನನ್ನ ಮಗ ಕುಡಿದು ಬರುತ್ತಾನೆ. ಮಕ್ಕಳಿಗೆ ಸಿಕ್ಕಿದ್ದು ಸಂತೋಷ. ಅವರ ಅಮ್ಮಂದಿರು ಇನ್ನೂ ಬಿಸ್ಕತ್ತಿನಲ್ಲೇ ಇದ್ದಾರೆ, ಅಲ್ವಾ?

ಗೋಡೆಯ ಮೇಲಿನ ಪ್ಯಾನ್‌ಕೇಕ್ ಏನಾಯಿತು ಅಂತ ಕೇಳಬಹುದು. ಮಗನ ಆಸೆ ಮುರಿಯಲು ಮನಸ್ಸಾಗಲಿಲ್ಲ. ಭಾನುವಾರಕ್ಕೆ ಮಾಡಿಕೊಟ್ಟೆ. ಸಿಪ್ಪೆ ಕಪ್ಪಾದ ಎರಡು ಪುಟ್ಟಬಾಳೆಹಣ್ಣು ಕಿವುಚಿ, ಒಂದು ಲೋಟ ಗೋಧಿ ಹಿಟ್ಟು, ಎರಡು ಚಮಚ ರಾಗಿ ಹಿಟ್ಟು, ನಿಂಬೆ ಗಾತ್ರದ ಬೆಲ್ಲ, ಒಂದು ಏಲಕ್ಕಿ, ಕಲಸಲು ಬೇಕಾದಷ್ಟು ಹಾಲು. ಹಿಟ್ಟು ಇಡ್ಲಿ ಹಿಟ್ಟಿನ ಹದ. ಬೆಲ್ಲ ಬೇಗ ಸೀಯುತ್ತದೆ, ಅದಕ್ಕೆ ಉರಿ ಸಣ್ಣಗೆ ಇರಬೇಕು. ಅಂಗೈ ಅಗಲ ಹಾಕಿ ಮುಚ್ಚಳ ಮುಚ್ಚಿದೆ. ಮೇಲೆ ಗುಳ್ಳೆ ಎದ್ದು ಒಡೆದ ಮೇಲೆ ಮಗುಚಿ, ಒಂದು ಹನಿ ತುಪ್ಪ ಬಿಟ್ಟೆ. ಐದನ್ನು ಪೇರಿಸಿ ತಟ್ಟೆಯಲ್ಲಿಟ್ಟೆ, ಫೋಟೊದಲ್ಲಿ ಇದ್ದ ಹಾಗೇ. ಗೋಡೆಯ ಹತ್ತಿರ ತಟ್ಟೆ ಹಿಡಿದು ಹೋಗಿ ಹೋಲಿಸಿ ನೋಡಿ ಬಂದ. ಬಣ್ಣ ಮಾತ್ರ ಬೇರೆ ಅಂದ, ಐದನ್ನೂ ತಿಂದ.

ಸಂಪಾದಕರೇ, ನಿಮ್ಮಲ್ಲಿ ನನ್ನದು ದೊಡ್ಡ ಬೇಡಿಕೆಯಲ್ಲ. ವಾರಕ್ಕೆ ಒಂದು ಸಲ, ಒಂದು ಚಿಕ್ಕ ಚೌಕದಲ್ಲಿ, ಇಪ್ಪತ್ತು ನಿಮಿಷದ ಒಂದು ತಿಂಡಿ ಹಾಕಿ. ಅಳತೆ ಲೋಟದಲ್ಲಿ ಇರಲಿ, ಗ್ರಾಂ ತೂಗಲು ನಮ್ಮಲ್ಲಿ ತಕ್ಕಡಿ ಇಲ್ಲ. 'ಸ್ವಲ್ಪ', 'ಬೇಕಾದಷ್ಟು' ಅಂತ ಬಿಡಬೇಡಿ. ಹಿಂದಿನ ರಾತ್ರಿ ಏನಾದರೂ ನೆನೆಸುವುದಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿ. ಹೆಸರುಕಾಳಿನ ದೋಸೆ ಹಾಗೆ. ಮಲಗುವ ಮುಂಚೆ ಕಾಳು ನೆನೆಸಿದರೆ ಬೆಳಿಗ್ಗೆ ಶುಂಠಿ, ಮೆಣಸಿನಕಾಯಿ ಜೊತೆ ರುಬ್ಬಿ ಆಗಲೇ ಹಾಕಬಹುದು, ಹುದುಗು ಬೇಕಿಲ್ಲ. ಇದು ಬೆಳಿಗ್ಗೆ ಆರು ಗಂಟೆಗೆ ಗೊತ್ತಾದರೆ ಏನು ಪ್ರಯೋಜನ?

ಆ ಹುಡುಗಿ ಈಗ ಚೆನ್ನಾಗಿದ್ದಾಳೆ. ಮೊದಲು ಮೂರು ತಿಂಗಳು ನಾನೇ ಅವಳಿಗೆ ಎರಡು ದೋಸೆ ಹೆಚ್ಚಿಗೆ ತರುತ್ತಿದ್ದೆ. ಈಗ ಅವಳೇ ಹಾಕಿ ತರುತ್ತಾಳೆ. ನಾವು ಆರು ಜನ ಸೇರಿ ಸರದಿ ಮಾಡಿಕೊಂಡಿದ್ದೇವೆ. ಒಬ್ಬೊಬ್ಬರು ಒಂದೊಂದು ದಿನ ಎಲ್ಲರಿಗೂ ಚಟ್ನಿ ತರುವುದು. ಗುರುವಾರ ನನ್ನದು.

ಕೊನೆಗೆ ಓದುಗರಲ್ಲಿ ಒಂದು ಮಾತು. ಶಿರಸಿ ಕಡೆಯವರು ತೆಳ್ಳೇವು ಅನ್ನುವ ತೆಳು ದೋಸೆ ಮಾಡುತ್ತಾರೆ, ಮಂಗಳೂರಿನವರು ನೀರು ದೋಸೆ ಮಾಡುತ್ತಾರೆ. ಅದನ್ನೆಲ್ಲ ಲೋಟದ ಅಳತೆಯಲ್ಲಿ ಇದೇ ಅಂಕಣಕ್ಕೆ ಬರೆದು ಕಳಿಸಿ. ಮುಖ್ಯವಾಗಿ ಕಲಬುರಗಿ, ವಿಜಯಪುರದ ಅಕ್ಕಂದಿರು ಜೋಳದ ಹಿಟ್ಟಿನ ದೋಸೆ ಬಗ್ಗೆ ಬರೆಯಿರಿ. ನಾನು ಎರಡು ಸಲ ಹಾಕಿದೆ, ಎರಡು ಸಲವೂ ನಡುವೆ ಬಿರುಕು ಬಿಟ್ಟಿತು. ಅಕ್ಕಿ ಹಿಟ್ಟು ಎಷ್ಟು ಸೇರಿಸಬೇಕು, ಬಿಸಿನೀರಿನಲ್ಲಿ ಕಲಸಬೇಕಾ, ತಣ್ಣೀರಾ?

ಕೆಲಸದ ಜಾಗದ ವಿಷಯ ಇರುವುದರಿಂದ ನನ್ನ ಹೆಸರು ಹಾಕಬೇಡಿ.

ಇಂತಿ,
ಒಬ್ಬ ಗಾರ್ಮೆಂಟ್ಸ್ ಕೆಲಸಗಾರ್ತಿ
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ