ತಿಯಾನ್ ಶಾನ್ ಹಿಮಾಲಯದ ತಪ್ಪಲಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ವಿದೇಶಿ ವೈದ್ಯಕೀಯ ಶಿಕ್ಷಣದ ಲೇಖನವು ಕಿರ್ಗಿಸ್ತಾನವನ್ನು ‘ಹಿಮಾಲಯದ ತಪ್ಪಲಿನ ಪುಟ್ಟ ದೇಶ’ ಎಂದು ಪರಿಚಯಿಸಿದೆ. ಶುಲ್ಕ, ಹಾಸ್ಟೆಲ್, ಊಟದ ವಿವರಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ಒಂದು ಸಾಲು ಮಾತ್ರ ಭೂಗೋಳ ಪಾಠ ಮಾಡಿಕೊಂಡು ಬಂದ ನನಗೆ ನುಂಗಲಾರದ ತುತ್ತಾಯಿತು. ಹಿಮಾಲಯಕ್ಕೂ ಆ ದೇಶಕ್ಕೂ ನಡುವೆ ಬೇರೆ ಪರ್ವತಗಳೇ ಇವೆ: ಕಾರಾಕೋರಂ ಇದೆ, ಕುನ್‌ಲುನ್ ಇದೆ, ಪಾಮಿರ್ ಇದೆ. ಸಾಲದ್ದಕ್ಕೆ ತಕ್ಲಮಕಾನ್ ಎಂಬ ಮರುಭೂಮಿಯೂ ಇದೆ.

ಕಿರ್ಗಿಸ್ತಾನದಲ್ಲಿರುವುದು ತಿಯಾನ್ ಶಾನ್ ಪರ್ವತ. ದೇಶದ ದಕ್ಷಿಣದ ಅಂಚಿನಲ್ಲಿ ಮಾತ್ರ ಪಾಮಿರ್‌ಗೆ ಸೇರಿದ ಟ್ರಾನ್ಸ್ ಅಲಾಯ್ ಶ್ರೇಣಿ ಬರುತ್ತದೆ. 7,134 ಮೀಟರ್ ಎತ್ತರದ ಲೆನಿನ್ ಶಿಖರ ಇರುವುದು ಅದರಲ್ಲಿ. ಉಳಿದಂತೆ ಬಹುಪಾಲು ನೆಲ ತಿಯಾನ್ ಶಾನ್‌ನದೇ. ಚೀನಾದ ಗಡಿಯಲ್ಲಿರುವ 7,439 ಮೀಟರ್‌ನ ಜೆಂಗಿಶ್ ಚೋಕುಸು ಅದರ ನೆತ್ತಿ. ಈ ಪರ್ವತದ ಚರಿತ್ರೆ ಹಿಮಾಲಯದ್ದಕ್ಕಿಂತ ಬಹಳ ಹಳೆಯದು. ಕೋಟ್ಯಂತರ ವರ್ಷಗಳ ಹಿಂದೆ ಒಮ್ಮೆ ಎದ್ದು, ಸವೆದು ತಗ್ಗಿ, ಆಮೇಲೆ ಎರಡನೆಯ ಸಲ ಎದ್ದು ನಿಂತಿದೆ. ಎರಡನೆಯ ಸಲ ಅದನ್ನು ಎಬ್ಬಿಸಿದ್ದು ನಾವು ನಿಂತಿರುವ ನೆಲವೇ. ಧಾರವಾಡ ಶಿಲೆಗಳನ್ನು ಹೊತ್ತ ಭಾರತದ ಭೂಫಲಕ ಏಷ್ಯಾವನ್ನು ತಳ್ಳಿದಾಗ ಹುಟ್ಟಿದ ಒತ್ತಡ, ತಕ್ಲಮಕಾನ್ ಮರುಭೂಮಿ ಇರುವ ಗಟ್ಟಿಯಾದ ತಾರಿಮ್ ಪ್ರದೇಶದ ಮೂಲಕ ಸಾಗಿ ಉತ್ತರದ ಹಳೆಯ ಬಿರುಕುಗಳ ಮೇಲೆ ಬಿತ್ತು. ನಮಗೂ ಅವರಿಗೂ ನಂಟು ಹೇಳಲೇಬೇಕೆಂದಿದ್ದರೆ ಲೇಖಕರು ಇದನ್ನು ಹೇಳಬಹುದಿತ್ತು.

ನನ್ನ ತಂಗಿಯ ಮಗಳು ಅಲ್ಲಿನ ರಾಜಧಾನಿ ಬಿಷ್ಕೆಕ್‌ನಲ್ಲಿ ಓದುತ್ತಿದ್ದಾಗ ನಾನೂ ಹೋಗಿ ಬಂದಿದ್ದೇನೆ. ಆ ಊರಿನ ರಸ್ತೆಗಳ ಅಂಚಿನಲ್ಲಿ ಮೊಳಕಾಲುದ್ದದ ಕಾಂಕ್ರೀಟ್ ಕಾಲುವೆಗಳಿವೆ. ಅಲ್ಲಿಯವರು ಅರಿಕ್ ಎನ್ನುತ್ತಾರೆ. ಮೊದಲು ನಾನು ಚರಂಡಿ ಎಂದುಕೊಂಡು ದೂರ ಸರಿದು ನಡೆದೆ. ಬೇಸಿಗೆಯಲ್ಲಿ ಅವುಗಳಲ್ಲಿ ಮರಗಳ ಬುಡಕ್ಕೆ ಹರಿಯುವುದು ಬೆಟ್ಟದ ನೀರು, ಕೈ ಅದ್ದಿದರೆ ಜೋಮು ಹಿಡಿಯುವಷ್ಟು ತಣ್ಣಗೆ. ತಲೆ ಎತ್ತಿದರೆ ದಕ್ಷಿಣಕ್ಕೆ ಕಿರ್ಗಿಜ್ ಅಲಾ ತೂ ಶ್ರೇಣಿಯ ಹಿಮ. ಊರು ಇರುವುದು 800 ಮೀಟರ್ ಎತ್ತರದಲ್ಲಿ, ಆ ಶಿಖರಗಳು 4,800 ಮೀಟರ್ ದಾಟುತ್ತವೆ. ಹಿಮ ಎಲ್ಲಿ, ಅದನ್ನು ಕುಡಿಯುವ ಮರ ಎಲ್ಲಿ ಎಂದು ಒಂದೇ ನೋಟದಲ್ಲಿ ಕಾಣುವ ರಾಜಧಾನಿ ನನಗೆ ತಿಳಿದಂತೆ ಹೆಚ್ಚಿಲ್ಲ.

ಪರ್ವತ ಎಂದರೆ ಆ ದೇಶಕ್ಕೆ ಮೊದಲು ನೀರು, ಆಮೇಲೆ ಉಳಿದದ್ದು. ನಿಮ್ಮ ಲೇಖನ ಕೈಬಿಟ್ಟಿರುವುದು ಇದನ್ನೇ. ನೆಲದ ಶೇಕಡಾ 90ಕ್ಕಿಂತ ಹೆಚ್ಚು ಭಾಗ 1,500 ಮೀಟರ್‌ಗಿಂತ ಮೇಲಿದೆ. ಪಕ್ಕದ ಕಜಾಕಿಸ್ತಾನ, ಉಜ್ಬೇಕಿಸ್ತಾನಗಳಲ್ಲಿರುವಷ್ಟು ತೈಲವಾಗಲಿ ಅನಿಲವಾಗಲಿ ಇಲ್ಲಿಲ್ಲ. ಇರುವುದು ನಾರಿನ್ ನದಿ, ಅದಕ್ಕೆ ಕಟ್ಟಿದ ತೊಕ್ತೊಗುಲ್ ಅಣೆಕಟ್ಟು. ಅದರ ಸಾಮರ್ಥ್ಯ 19.5 ಶತಕೋಟಿ ಘನ ಮೀಟರ್. ನಮ್ಮ ಲೆಕ್ಕದಲ್ಲಿ ಹೇಳಿದರೆ ಸುಮಾರು 690 ಟಿಎಂಸಿ. ನಮ್ಮ ಕೆಆರ್‌ಎಸ್ 49.45 ಟಿಎಂಸಿ ಎಂಬುದನ್ನು ನೆನೆದರೆ ಅದರ ಗಾತ್ರ ತಿಳಿಯುತ್ತದೆ. ಇಲ್ಲಿಂದ ಇಳಿದ ನಾರಿನ್ ಫರ್ಗಾನಾ ಕಣಿವೆಯಲ್ಲಿ ಕಾರಾ ದರಿಯಾ ನದಿಯನ್ನು ಕೂಡಿಕೊಂಡು ಸಿರ್ ದರಿಯಾ ನದಿ ಆಗುತ್ತದೆ.

ಜಗಳ ಇರುವುದೂ ಅಲ್ಲಿಯೇ, ಅದೂ ಕಾವೇರಿ ಜಗಳಕ್ಕೆ ತಿರುವುಮುರುವಾಗಿ. ಮೇಲಿನವರು ನೀರು ಬಿಡುವುದಿಲ್ಲ ಎಂಬುದಲ್ಲ ದೂರು; ಬೇಡದ ಕಾಲದಲ್ಲಿ ಬಿಡುತ್ತಾರೆ ಎಂಬುದು. ಕೊರೆಯುವ ಚಳಿಗಾಲದಲ್ಲಿ ಮನೆ ಬೆಚ್ಚಗಿರಿಸಲು ಕಿರ್ಗಿಸ್ತಾನಕ್ಕೆ ವಿದ್ಯುತ್ ಬೇಕು, ಅದಕ್ಕೆ ಜಲಾಶಯದ ಬಾಗಿಲು ತೆರೆಯಬೇಕು. ಕೆಳಗಿನ ಉಜ್ಬೇಕಿಸ್ತಾನ, ಕಜಾಕಿಸ್ತಾನಗಳ ಹತ್ತಿ, ಭತ್ತದ ಹೊಲಗಳಿಗೆ ನೀರು ಬೇಕಾದದ್ದು ಬೇಸಿಗೆಯಲ್ಲಿ. ಸೋವಿಯತ್ ಕಾಲದಲ್ಲಿ ಮೇಲಿನವರು ಬೇಸಿಗೆಗೆಂದು ನೀರು ಕೂಡಿಡುತ್ತಿದ್ದರು, ಕೆಳಗಿನಿಂದ ಚಳಿಗಾಲಕ್ಕೆ ಕಲ್ಲಿದ್ದಲು, ಅನಿಲ ಬರುತ್ತಿತ್ತು. 1991ರಲ್ಲಿ ಒಕ್ಕೂಟ ಒಡೆದ ಮೇಲೆ ಅನಿಲಕ್ಕೆ ಬೆಲೆ ಕಟ್ಟಲಾಯಿತು, ನೀರಿಗೆ ಬೆಲೆ ಕೇಳಿದರೆ ಯಾರೂ ಒಪ್ಪಲಿಲ್ಲ. ನನ್ನ ಅಭಿಪ್ರಾಯದಲ್ಲಿ ಕಿರ್ಗಿಸ್ತಾನದ ವಾದದಲ್ಲಿ ನ್ಯಾಯವಿದೆ. ವಿದ್ಯುತ್ ಕೊರತೆ ಎಷ್ಟು ಮುಟ್ಟಿತೆಂದರೆ 2023ರ ಆಗಸ್ಟ್‌ನಿಂದ ಅಲ್ಲಿನ ಸರ್ಕಾರ ಇಂಧನ ತುರ್ತುಸ್ಥಿತಿಯನ್ನೇ ಘೋಷಿಸಿತು. ಅದೇ ವರ್ಷದ ಜನವರಿಯಲ್ಲಿ ಮೂರೂ ದೇಶಗಳು ಸೇರಿ ನಾರಿನ್ ಮೇಲೆಯೇ 1,860 ಮೆಗಾವಾಟ್‌ನ ಕಂಬರಾತಾ-1 ಯೋಜನೆಗೆ ಕೈಹಾಕಲು ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ. ಒಮ್ಮೆ ಇದೇ ಅಣೆಕಟ್ಟಿಗೆ ಉಜ್ಬೇಕಿಸ್ತಾನ ಕಡುವಿರೋಧಿಯಾಗಿತ್ತು.

ಈ ನೀರಿಗೆ ಮೂಲ ಹಿಮ ಮತ್ತು ಹಿಮನದಿಗಳು. ದೇಶದ ನೂರರಲ್ಲಿ ಸುಮಾರು ನಾಲ್ಕು ಪಾಲು ನೆಲವನ್ನು ಆವರಿಸಿದ್ದ ಹಿಮನದಿಗಳು ಈಗ ಹಿಂದೆ ಸರಿಯುತ್ತಿವೆ. ಬಿಸಿಲನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ನಾಲ್ಕು ಸಾವಿರ ಮೀಟರ್ ಎತ್ತರದ ಕುಮ್ತೋರ್ ಚಿನ್ನದ ಗಣಿಯಲ್ಲಿ ಹಿಮನದಿಯನ್ನೇ ಅಗೆದು, ಗಣಿಯ ಕಲ್ಲುರಾಶಿಯನ್ನು ದಾವಿದೋವ್ ಹಿಮನದಿಯ ಮೇಲೆ ಸುರಿಯಲಾಯಿತು. 1998ರಲ್ಲಿ ಆ ಗಣಿಗೆ ಸೋಡಿಯಂ ಸಯನೈಡ್ ಒಯ್ಯುತ್ತಿದ್ದ ಲಾರಿ ಬಾರ್ಸ್ಕೂನ್ ನದಿಗೆ ಉರುಳಿತ್ತು. ಆ ನದಿ ಸೇರುವುದು ಇಸಿಕ್ ಕುಲ್ ಸರೋವರವನ್ನು. 2021ರಲ್ಲಿ ಸರ್ಕಾರ ಕೆನಡಾದ ಕಂಪನಿಯಿಂದ ಗಣಿಯ ಹಿಡಿತವನ್ನು ತನ್ನ ಕೈಗೆ ತೆಗೆದುಕೊಂಡಿದೆ. ಒಡೆಯರು ಬದಲಾದರು, ಗಣಿ ಅದೇ ಎತ್ತರದಲ್ಲಿ, ಅದೇ ಹಿಮದ ಪಕ್ಕದಲ್ಲಿದೆ.

ಇನ್ನೊಂದು ಮಾತು, ಪಾಲಕರಿಗೆ. ಚಳಿಗಾಲದಲ್ಲಿ ಬಿಷ್ಕೆಕ್‌ನ ಮನೆಮನೆಗಳಲ್ಲಿ ಕಲ್ಲಿದ್ದಲು ಉರಿಯುತ್ತದೆ. ಆಗ ಊರಿನ ಮೇಲೆ ಹೊಗೆ ಮುಚ್ಚಿಕೊಂಡು ಅಷ್ಟು ಎತ್ತರದ ಬೆಟ್ಟಸಾಲೇ ಕಾಣೆಯಾಗುತ್ತದೆ. ಉಬ್ಬಸ ಇರುವ ಮಕ್ಕಳನ್ನು ಕಳುಹಿಸುವವರು ‘ಪರ್ವತದ ಶುದ್ಧ ಗಾಳಿ’ ಎಂಬ ಏಜೆಂಟರ ಮಾತನ್ನು ನಂಬಬಾರದು. ನಿಮ್ಮ ಲೇಖನದಲ್ಲೂ ಆ ಮಾತು ಇಣುಕಿದೆ.

2024ರ ಮೇ ತಿಂಗಳಲ್ಲಿ ವಿದೇಶಿ ವಿದ್ಯಾರ್ಥಿಗಳ ಮೇಲೆ ಗುಂಪು ದಾಳಿ ನಡೆದಾಗ ಕನ್ನಡ ಪತ್ರಿಕೆಗಳಲ್ಲೆಲ್ಲ ಬಿಷ್ಕೆಕ್ ಸುದ್ದಿಯಾಯಿತು. ಆಮೇಲೆ ಸೀಟಿನ ಜಾಹೀರಾತಿನಲ್ಲಿ ಮಾತ್ರ ಉಳಿಯಿತು. ನಮ್ಮ ಮಕ್ಕಳು ವರ್ಷಗಟ್ಟಲೆ ಬಾಳುವ ನೆಲದ ಬಗ್ಗೆ ಇಷ್ಟು ಸಾಲದು. ಮುಂದಿನ ಪುರವಣಿಯಲ್ಲಿ ತಿದ್ದುಪಡಿಯ ಜೊತೆಗೆ ಒಂದು ನಕ್ಷೆಯನ್ನೂ ಪ್ರಕಟಿಸಬೇಕೆಂದು ವಿನಂತಿ. ಅದರಲ್ಲಿ ತಿಯಾನ್ ಶಾನ್, ಪಾಮಿರ್, ಹಿಮಾಲಯಗಳನ್ನು ಬೇರೆಬೇರೆ ಬಣ್ಣದಲ್ಲಿ ತೋರಿಸಿ, ನಾರಿನ್ ನದಿಯನ್ನೂ ತೊಕ್ತೊಗುಲ್ ಜಲಾಶಯವನ್ನೂ ಗುರುತಿಸಿದರೆ ಸಾಕು.

ಇತಿ,
ನಿವೃತ್ತ ಭೂಗೋಳ ಶಿಕ್ಷಕ, ತುಮಕೂರು