ಗಿಫ್ಟ್ ಕಾರ್ಡ್ ಬಿಡು, ಫೆಲ್ಟ್ ಇಲಿ ಮಾಡು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು,

ಮೊನ್ನೆ ಫೋನಲ್ಲಿ ನೀನು ಓದಿದ ಕ್ರಿಸ್ಮಸ್ ಲಿಸ್ಟ್ ಕೇಳಿ ನಿಮ್ಮ ದೊಡ್ಡಪ್ಪಂಗೇ ತಲೆ ತಿರುಗ್ತು. ಟೀಚರಿಗೊಂದು ಗಿಫ್ಟ್ ಕಾರ್ಡ್, ಬಸ್ ಡ್ರೈವರಿಗೊಂದು, ಪೋಸ್ಟ್‌ಮ್ಯಾನ್‌ಗೊಂದು, ಕ್ಲಾಸಿನ ಮಕ್ಕಳಿಗೆಲ್ಲ ಆಟಿಕೆ ಪ್ಯಾಕೆಟ್, ಪಕ್ಕದ ಮನೆಯವರಿಗೆ ಸೆಂಟೆಡ್ ಕ್ಯಾಂಡಲ್. ಅಮೆರಿಕಕ್ಕೆ ಬಂದ ಮೊದಲನೇ ವರ್ಷ, ನಿನಗಿನ್ನೂ ವರ್ಕ್ ಪರ್ಮಿಟ್ ಬಂದಿಲ್ಲ, ಬರೋದು ಒಂದೇ ಸಂಬಳ, ಅದರಲ್ಲೇ ಬಾಡಿಗೆ ಕಾರು ಇನ್ಶೂರೆನ್ಸ್ ಎಲ್ಲ ಆಗ್ಬೇಕು. ಈಗ ಕಾರ್ಡ್ ಉಜ್ಜಿ ಜನವರಿಲಿ ಬಿಲ್ ನೋಡ್ಕೊಂಡು ಮುಖ ಸಪ್ಪೆ ಮಾಡ್ಕೊಂಡು ಕೂರೋದು ಬೇಡ ಕಣೇ.

ಇನ್ನೊಂದು ವಿಷಯ, ಇಲ್ಲಿ ಪೋಸ್ಟ್‌ಮ್ಯಾನ್ ಅಂದ್ರೆ ಸರ್ಕಾರಿ ನೌಕರ, ಒಂದು ಸಲಕ್ಕೆ 20 ಡಾಲರ್ ಮೀರಿದ ಗಿಫ್ಟ್ ತಗೊಳ್ಳೋ ಹಾಗಿಲ್ಲ, ಒಬ್ಬರಿಂದಲೇ ವರ್ಷಕ್ಕೆ 50 ದಾಟೋ ಹಾಗಿಲ್ಲ, ದುಡ್ಡಂತೂ ಕೈಯಲ್ಲಿ ಕೊಡಲೇಬಾರದು. ನೀನು 25 ಡಾಲರ್ ಕಾರ್ಡ್ ಕೊಟ್ರೆ ಪಾಪ ಅವನಿಗೇ ಮುಜುಗರ.

ಅದಕ್ಕೇ ಹೇಳ್ತಿದೀನಿ, ಫೆಲ್ಟ್ ಬಟ್ಟೇಲಿ ಕ್ಯಾಂಡಿ ಹೋಲ್ಡರ್ ಮಾಡು. ಊರಲ್ಲಿ ಸಂಕ್ರಾಂತಿಗೆ ಎಳ್ಳು ಬೀರೋಕೆ ಪುಟ್ಟ ಪುಟ್ಟ ಪೊಟ್ಟಣ ಕಟ್ಟಿ ಸಕ್ಕರೆ ಅಚ್ಚು ಇಟ್ಟು ಮನೆಮನೆಗೆ ಹೋಗ್ತಿದ್ಯಲ್ಲ, ಇದೂ ಹಾಗೇನೇ, ಅಲ್ಲಿ ಯಾರೂ ಪೊಟ್ಟಣಕ್ಕೆ ಎಷ್ಟು ರೂಪಾಯಿ ಆಯ್ತು ಅಂತ ಲೆಕ್ಕ ಹಾಕ್ತಿರಲಿಲ್ಲ ತಾನೇ.

ಫೆಲ್ಟ್ ಯಾಕೆ ಅಂದ್ರೆ ಅದು ನೇಯ್ದ ಬಟ್ಟೆ ಅಲ್ಲ, ನಾರನ್ನ ಒತ್ತಿ ಒತ್ತಿ ಹೆಣೆದುಕೊಳ್ಳೋ ಹಾಗೆ ಮಾಡಿರೋದು, ಕತ್ತರಿಸಿದ ಅಂಚಲ್ಲಿ ಎಳೆ ಬಿಚ್ಕೊಳ್ಳಲ್ಲ, ಮಡಚಿ ಹೊಲಿಯೋ ಗೋಜೇ ಇಲ್ಲ. 9 ಇಂಚು 12 ಇಂಚಿನ ಶೀಟ್ ತಗೋ. ಬಟ್ಟೆ, ಹೊಲಿಗೆ ಸಾಮಾನು ಮಾರ್ತಿದ್ದ ಜೋಆನ್ ಅಂಗಡಿಗಳು 2025ರಲ್ಲಿ ಪೂರ್ತಿ ಮುಚ್ಚಿದ್ವು, ಈಗ ಮೈಕಲ್ಸ್ ಅಥವಾ ವಾಲ್‌ಮಾರ್ಟಿನ ಕ್ರಾಫ್ಟ್ ಸಾಲಲ್ಲಿ ಹುಡುಕು. ಉಣ್ಣೆ ಫೆಲ್ಟ್ ಚೆನ್ನಾಗಿದೆ ಅಂತ ಯಾರಾದ್ರೂ ಅಂದ್ರೆ ಹೌದು ಅನ್ನು, ಆದ್ರೆ ತಗೋಬೇಡ, ಅದು ದುಬಾರಿ, ಈ ಕೆಲಸಕ್ಕೆ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್ ಧಾರಾಳ ಸಾಕು.

ಮಕ್ಕಳಿಗೆ ಇಲಿ ಮಾಡು. ಇಲ್ಲಿ ಕ್ಯಾಂಡಿ ಕೇನ್ ಇಲಿ ಎಷ್ಟೋ ಮನೇಲಿ ಮಾಡ್ತಾರೆ, ಕೊಕ್ಕೆ ಥರ ಬಾಗಿರೋ ಆ ಕೆಂಪು ಬಿಳಿ ಪೆಪ್ಪರ್‌ಮಿಂಟ್ ಕಡ್ಡೀನೇ ಅದರ ಬಾಲ. ಬೂದು ಬಣ್ಣದ ಫೆಲ್ಟಲ್ಲಿ 4 ಇಂಚು ಉದ್ದ 2 ಇಂಚು ಅಗಲ ಮೈ, ಒಂದು ತುದಿ ಚೂಪು, ಇನ್ನೊಂದು ದುಂಡು. ಗುಲಾಬಿ ಫೆಲ್ಟಲ್ಲಿ ಕಿವಿ, ಎರಡು ದುಂಡು, ನಡುವೆ ಸಣ್ಣ ಸೊಂಟ, ಒಂದೇ ತುಂಡು. ಮೂಗಿನ ಕಡೆ ಮೈಮೇಲೆ ಅಕ್ಕಪಕ್ಕ ಎರಡು ಉದ್ದ ಸೀಳು ಕೊಡು, ಫೆಲ್ಟನ್ನ ಸ್ವಲ್ಪ ಮಡಚಿ ಕತ್ತರಿ ತುದಿಯಿಂದ ಚುಟುಕು ಅಂತ ಕಚ್ಚಿಸಿದ್ರೆ ಆಯ್ತು. ಕಿವಿಗಳನ್ನ ಅಡಿಯಿಂದ ತೂರಿಸು, ಕಿವಿ ಎರಡೂ ಮೇಲೆ ನಿಲ್ಲತ್ತೆ, ಸೊಂಟ ಕೆಳಗೇ ಉಳಿಯತ್ತೆ. ಬಾಲದ ಕಡೆ ಅರ್ಧ ಇಂಚಿನ ಅಡ್ಡ ಸೀಳು, ಅದರೊಳಗೆ ಕಡ್ಡಿಯ ನೇರ ತುದಿ ಮೇಲಿಂದ ತಳ್ಳಿ ಹೊಟ್ಟೆ ಅಡೀಲಿ ಸಾಗಿಸಿ ಆ ಸೊಂಟದ ಪಟ್ಟೀಲಿ ಸಿಕ್ಕಿಸು. ಹೊಲಿಗೆ ಬೇಡ, ಅಂಟು ಬೇಡ, ಕೊಕ್ಕೆ ಹಿಂದೆ ಬಾಲವಾಗಿ ಎದ್ದು ನಿಲ್ಲತ್ತೆ. ಮೊದಲು ಒಂದು ಮಾಡಿ ನಿಜವಾದ ಕಡ್ಡಿ ಹಾಕಿ ನೋಡು, ಅದು ಸರಿ ಬಂದ ಮೇಲೇ ಉಳಿದದ್ದು ಕತ್ತರಿಸು, ಯಾಕಂದ್ರೆ ಒಂದೊಂದು ಕಂಪನಿ ಕಡ್ಡಿ ಒಂದೊಂದು ದಪ್ಪ. ಜಾಗ ನೋಡ್ಕೊಂಡು ಕತ್ತರಿಸಿದ್ರೆ ಒಂದು ಶೀಟಲ್ಲಿ ಹತ್ತು ಮೈ ಬರತ್ತೆ.

ಸಾಂಟಾ ಯಾಕೆ ಬೇಡ ಅಂತ ಕೇಳ್ತೀಯ, ಕ್ಲಾಸಲ್ಲಿ ಕ್ರಿಸ್ಮಸ್ ಮಾಡದ ಮನೆ ಮಕ್ಕಳೂ ಇರ್ತಾರೆ, ಇಲಿ ಆದ್ರೆ ಯಾರಿಗೂ ತಕರಾರಿಲ್ಲ. ನಮಗಂತೂ ಅದು ಗಣಪನ ವಾಹನ, ನಿಮ್ಮಜ್ಜಿಗೆ ಫೋಟೋ ಕಳಿಸಿದ್ರೆ ಮೋದಕ ಎಲ್ಲೇ ಅಂತಾರೆ!

ಕಣ್ಣಿಗೆ ಅಲ್ಲಾಡೋ ಪ್ಲಾಸ್ಟಿಕ್ ಗುಂಡಿ ಅಂಟಿಸ್ಬೇಡ, ಮನೇಲಿ ಪುಟ್ಟ ತಮ್ಮನೋ ತಂಗಿನೋ ಇದ್ರೆ ಕಿತ್ತು ಬಾಯಿಗೆ ಹಾಕ್ಕೊಂಡ್ಬಿಡ್ತಾರೆ, ಕಪ್ಪು ದಾರದಲ್ಲಿ ಎರಡು ಗಂಟು ಹಾಕು ಸಾಕು. ಕಡ್ಡಿ ಒಂದೊಂದಕ್ಕೂ ಕವರ್ ಇರೋದೇ ತಗೋ, ಸುಮಾರು ಸ್ಕೂಲಲ್ಲಿ ಮನೇಲಿ ಮಾಡಿದ ತಿಂಡಿ ಬಿಡಲ್ಲ, ಅಲರ್ಜಿ ಮಾತು ಬೇರೆ, ಡಬ್ಬಿ ಹಿಂದಿನ ಲೇಬಲ್ ಓದಿಯೇ ತಗೋ. ಕನ್ನಡ ಕೂಟದ ಮಕ್ಕಳಿಗೆ ಕೊಡೋದಾದ್ರೆ ಮಾರ್ಷ್‌ಮೆಲೋ ಸೇರಿಸ್ಬೇಡ, ಅದರಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡೋ ಜೆಲಾಟಿನ್ ಇರತ್ತೆ, ಸಸ್ಯಾಹಾರಿ ಮನೆಯವರು ತಿನ್ನಲ್ಲ. ನಾಯಿ ಇರೋ ಮನೆಗೆ ಶುಗರ್‌ಫ್ರೀ ಕೊಡಲೇಬೇಡ, ಕೆಲವದರಲ್ಲಿ ಸಕ್ಕರೆ ಬದಲು ಹಾಕೋ ಕ್ಸೈಲಿಟಾಲ್ ನಾಯಿಗೆ ವಿಷ.

ದೊಡ್ಡೋರಿಗೆ ಕೈಗವಸಿನ ಆಕಾರದ ಪುಟ್ಟ ಚೀಲ ಮಾಡು, ಎರಡು ತುಂಡು ಜೋಡಿಸಿ, ಮೇಲಿನ ಬಾಯಿ ಬಿಟ್ಟು ಸುತ್ತ ಬ್ಲಾಂಕೆಟ್ ಸ್ಟಿಚ್ ಅಂದ್ರೆ ಅಂಚನ್ನ ಸುತ್ತಿ ಹಾಕೋ ಹೊಲಿಗೆ ಹಾಕು, ಕಸೂತಿ ದಾರದ ಆರು ಎಳೇಲಿ ಮೂರೇ ಎಳೆ ತಗೋ, ಒಳಗೆ ನಾಲ್ಕು ಚಾಕ್ಲೇಟು. ಆಕಾರ ಸರಿಯಾಗಿ ಬರೋಕೆ ಫ್ರೀಜರ್ ಪೇಪರ್ ಅಂತ ಸಿಗತ್ತೆ, ಗ್ರೋಸರೀಲಿ ಫಾಯಿಲ್ ಇಡೋ ಜಾಗದಲ್ಲಿ. ಮಂಕಾದ ಕಡೆ ಚಿತ್ರ ಬರಿ, ಹೊಳೆಯೋ ಕಡೆ ಫೆಲ್ಟ್ ಮೇಲಿಟ್ಟು ಕಡಿಮೆ ಬಿಸಿಗೆ ಇಟ್ಟಿರೋ ಇಸ್ತ್ರಿ ಒತ್ತು, ಅಂಟ್ಕೊಳ್ಳತ್ತೆ, ಕತ್ತರಿಸಿ ಕಿತ್ರೆ ಗುರುತೇ ಇರಲ್ಲ. ಇಸ್ತ್ರಿ ಜಾಸ್ತಿ ಬಿಸಿ ಮಾಡಿದ್ರೆ ಮಾತ್ರ ಫೆಲ್ಟ್ ಕರಗತ್ತೆ, ಹುಷಾರು.

ಎಲ್ಲರಿಗೂ ಮಾಡ್ತೀನಿ ಅಂತ ಹೊರಡ್ಬೇಡ. ಟೀಚರ್, ಡ್ರೈವರ್, ಪೋಸ್ಟ್‌ಮ್ಯಾನ್, ಎದುರುಮನೆ ಅಜ್ಜಿ, ಇವರಿಗೆ ಚೀಲ, ಕ್ಲಾಸಿಗೆ ಇಲಿ, ಅಷ್ಟೇ. ಥ್ಯಾಂಕ್ಸ್‌ಗಿವಿಂಗ್ ರಜೇಲೇ ಕತ್ತರಿಸಿಟ್ಕೋ, ಕಿವಿ ತೂರಿಸೋ ಕೆಲಸ ಮಗೂಗೆ ಬಿಡು, ವಕ್ರ ಆದ್ರೂ ತಿದ್ದೋಕೆ ಹೋಗ್ಬೇಡ. ಕೊಡುವಾಗ ಸುಮ್ನೆ ಮನೇಲೇ ಮಾಡಿದ್ದು ಅಂತ ಹಾಸ್ಯ ಮಾಡ್ಕೊಂಡು ನಿನ್ನ ಕೈಕೆಲಸನ ನೀನೇ ಕಡೆಗಾಣಿಸ್ಬೇಡ, ಹ್ಯಾಪಿ ಹಾಲಿಡೇಸ್ ಅನ್ನು, ನಗು, ಕೊಟ್ಟು ಬಾ.

ಕೆಂಪು ಹಸಿರು ತುಂಡು ನನ್ನ ಹತ್ರ ಬೇಕಾದಷ್ಟಿದೆ, ಕಸೂತಿ ದಾರದ ಜೊತೆ ಪಾರ್ಸೆಲ್ ಮಾಡ್ತೀನಿ. ಬೂದು ಮತ್ತೆ ಗುಲಾಬಿ ನೀನೇ ತಗೋ. ಸ್ಕೂಲಿಂದ ಪಾರ್ಟಿ ಚೀಟಿ ಬಂದ ತಕ್ಷಣ ಫೋಟೋ ಕಳಿಸು, ಮಕ್ಕಳೆಷ್ಟು ಅಂತ ನೋಡ್ಕೊಂಡು ದಾರ ಹಾಕ್ತೀನಿ.

ಇಂತಿ,
ನಿನ್ನ ದೊಡ್ಡಮ್ಮ